ಹಳೆಯದೋ, ಹೊಸದೋ? ಜೇಬು ಪಿಸ್ತೂಲಿನ ನೂರಿಪ್ಪತ್ತೈದು ವರ್ಷಗಳ ಕಥೆ

ಪಂಪ್‌ಸೆಟ್ ಆಗಲಿ, ಟಿಲ್ಲರ್ ಆಗಲಿ, ಮೊಬೈಲ್ ಆಗಲಿ, ಕೊಳ್ಳಲು ಹೊರಟವರು ಕೇಳುವ ಪ್ರಶ್ನೆ ಒಂದೇ: "ಹಳೇ ಮಾಡೆಲ್ ಗಟ್ಟಿಯೋ, ಹೊಸದು ಒಳ್ಳೇದೋ?" ಹಳೆಯದಕ್ಕೆ ಸಮ ಯಾವುದೂ ಇಲ್ಲ ಎನ್ನುವವರು ಒಂದು ಕಡೆ. ಹೊಸದು ಬಂದ ಮೇಲೆ ಹಳೆಯದಕ್ಕೆ ದುಡ್ಡು ಯಾಕೆ ಸುರಿಯಬೇಕು ಎನ್ನುವವರು ಇನ್ನೊಂದು ಕಡೆ.

ಇದೇ ಚರ್ಚೆ ಅಮೆರಿಕದ ಬಂದೂಕಿನ ಅಂಗಡಿಗಳಲ್ಲೂ ನಡೆಯುತ್ತದೆ. ಅಲ್ಲಿ ವಸ್ತು ಮಾತ್ರ ಬೇರೆ: ಅಂಗಿಯ ಒಳಗೆ, ಸೊಂಟದಲ್ಲಿ ಅಥವಾ ಜೇಬಿನಲ್ಲಿ ಯಾರಿಗೂ ಕಾಣದಂತೆ ಇಟ್ಟುಕೊಂಡು ಓಡಾಡುವ ಚಿಕ್ಕ ಪಿಸ್ತೂಲು. ಒಂದೇ ಕಂಪನಿ, ಒಂದೇ ಹೆಸರು, ಆದರೆ ಮೂರನೇ ತಲೆಮಾರು, ನಾಲ್ಕನೇ ತಲೆಮಾರು, ಐದನೇ ತಲೆಮಾರು ಎಂದು ಸಾಲಾಗಿ ಇಟ್ಟಿರುತ್ತಾರೆ. ಗಿರಾಕಿ ತಲೆ ಕೆರೆದುಕೊಳ್ಳುತ್ತಾನೆ.

ನಾವು ಈ ಚಿಕ್ಕ ಪಿಸ್ತೂಲಿನ ಇತಿಹಾಸ ಓದಲು ಕೂತಾಗ ಒಂದು ಸಂಗತಿ ಗಮನಕ್ಕೆ ಬಂತು. ಹೊಸ ಮಾದರಿ ಬರುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿರುತ್ತವೆ. ಹಳೆಯದರಿಂದ ಯಾರಿಗೋ ಅಪಾಯ ಆಗಬಹುದು ಎಂದು ಗೊತ್ತಾಗಿರುತ್ತದೆ. ಇಲ್ಲವೇ ಸರ್ಕಾರ ಹೊಸ ಕಾನೂನು ತಂದಿರುತ್ತದೆ. ಅದೂ ಅಲ್ಲವಾದರೆ ಕಂಪನಿಗೆ ಮಾಲು ಮಾರಬೇಕಾಗಿರುತ್ತದೆ. ಯಾವ ಕಾರಣಕ್ಕೆ ಬಂತು ಎಂದು ತಿಳಿಯದೆ ಹಳೆಯದೋ ಹೊಸದೋ ಎಂದು ತೀರ್ಮಾನಿಸುವುದು ಕಷ್ಟ. ಆ ಮೂರು ಕಾರಣಗಳ ಕಥೆಯೇ ಈ ಲೇಖನ.

ಬೆಲ್ಜಿಯಂನಲ್ಲಿ ಹುಟ್ಟಿದ್ದು

ಜಾನ್ ಮೋಸೆಸ್ ಬ್ರೌನಿಂಗ್ ಎಂಬಾತ 1855ರಲ್ಲಿ ಅಮೆರಿಕದ ಯೂಟಾ ಪ್ರಾಂತ್ಯದ ಆಗ್ಡನ್ ಊರಿನಲ್ಲಿ ಹುಟ್ಟಿದ. ಅಪ್ಪನೂ ಬಂದೂಕು ಮಾಡುವವನೇ. ಮಗನ ಕೈಯಲ್ಲಿ ಬಂದೂಕಿನ ಜಗತ್ತೇ ಬದಲಾಯಿತು. ಬೆಲ್ಜಿಯಂ ದೇಶದ ಲೀಜ್ ನಗರದ ಪಕ್ಕ ಹೆರ್ಸ್ಟಾಲ್ ಎಂಬ ಊರಿದೆ. ಅಲ್ಲಿ 1889ರಲ್ಲಿ ಶುರುವಾದ ಎಫ್.ಎನ್. ಎಂಬ ಕಾರ್ಖಾನೆ ಬ್ರೌನಿಂಗ್‌ನ ಚಿಕ್ಕ ಪಿಸ್ತೂಲಿನ ವಿನ್ಯಾಸವನ್ನು ಕೈಗೆತ್ತಿಕೊಂಡಿತು. ಅದೇ 1900ರ ಮಾದರಿ.

ಅದಕ್ಕೂ ಮೊದಲು ಜೇಬಿನಲ್ಲಿ ಇಟ್ಟುಕೊಳ್ಳುವವರು ಹೆಚ್ಚಾಗಿ ಬಳಸುತ್ತಿದ್ದದ್ದು ಗುಂಡಗೆ ತಿರುಗುವ ಗುಂಡಿನ ಡಬ್ಬಿ ಇರುವ ರಿವಾಲ್ವರ್. ಅದು ದಪ್ಪ, ಹೊರಗಿನಿಂದ ಉಬ್ಬಿ ಕಾಣುತ್ತದೆ. ಬ್ರೌನಿಂಗ್‌ನ ಪಿಸ್ತೂಲು ಚಪ್ಪಟೆ. ತೋಟಾಗಳು ಹಿಡಿಯ ಒಳಗೇ ಒಂದರ ಮೇಲೊಂದು ಕೂರುತ್ತವೆ. ಒಂದು ಈಡು ಹೊಡೆದ ಕೂಡಲೇ ಮೇಲಿನ ಭಾಗ ಹಿಂದಕ್ಕೆ ಜಾರಿ, ಖಾಲಿ ತೋಟಾ ಹೊರಗೆಸೆದು, ಮುಂದಿನದನ್ನು ನಳಿಗೆಗೆ ತಳ್ಳುತ್ತದೆ. ಈ ಜಾರುವ ಮೇಲ್ಭಾಗಕ್ಕೆ ಸ್ಲೈಡ್ ಎನ್ನುತ್ತಾರೆ. ಇವತ್ತಿನ ಬಹುತೇಕ ಪಿಸ್ತೂಲುಗಳು ನಡೆಯುವುದು ಇದೇ ಸ್ಲೈಡ್‌ನಿಂದ.

ಅದರ ಜೊತೆಗೇ ಬಂದದ್ದು 7.65 ಎಂ.ಎಂ. ತೋಟಾ. ಇಂಗ್ಲಿಷಿನವರು ಅದನ್ನೇ .32 ಎನ್ನುತ್ತಾರೆ. ಈ .32 ಎಂಬ ಅಂಕಿ ನೆನಪಿನಲ್ಲಿರಲಿ, ಮುಂದೆ ನಮ್ಮ ದೇಶಕ್ಕೆ ಬಂದಾಗ ಬೇಕಾಗುತ್ತದೆ.

ಚಪ್ಪಟೆ ಪಿಸ್ತೂಲು ಪೊಲೀಸರಿಗೂ ಬೇಕಾಯಿತು, ಅವರ ಕಣ್ಣು ತಪ್ಪಿಸುವವರಿಗೂ ಬೇಕಾಯಿತು. 1904ರಲ್ಲಿ ಫಿನ್ಲೆಂಡಿನಲ್ಲಿ ರಷ್ಯಾದ ಗವರ್ನರ್ ಜನರಲ್ ಬೊಬ್ರಿಕೊವ್ ಕೊಲೆಯಾದ. 1909ರಲ್ಲಿ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಜಪಾನಿನ ಹಿರಿಯ ರಾಜಕಾರಣಿ ಇಟೊ ಹಿರೊಬುಮಿಯನ್ನು ಕೊರಿಯಾದ ಆನ್ ಜುಂಗ್ ಗುನ್ ಕೊಂದ. ಎರಡೂ ಕಡೆ ಬಳಕೆಯಾದದ್ದು ಈ 1900ರ ಮಾದರಿಯೇ. ಕೋಟಿನ ಜೇಬಿನಲ್ಲಿ ಅಡಗುವ ವಸ್ತು ರಾಜಕಾರಣದ ದಿಕ್ಕನ್ನೇ ಬದಲಿಸಬಲ್ಲದು ಎಂದು ಜಗತ್ತಿಗೆ ಆಗಲೇ ಗೊತ್ತಾಗಿತ್ತು.

ಸರಾಯೆವೊ: ಹಳೆ ಮಾದರಿಯೋ, ಹೊಸದೋ?

1914ರ ಜೂನ್ 28. ಬೋಸ್ನಿಯಾದ ಸರಾಯೆವೊ ನಗರ. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಮತ್ತು ಆತನ ಹೆಂಡತಿ ಸೋಫಿ ತೆರೆದ ಕಾರಿನಲ್ಲಿ ಹೋಗುತ್ತಿದ್ದರು. ಗಾವ್ರಿಲೊ ಪ್ರಿನ್ಸಿಪ್ ಎಂಬ 19 ವರ್ಷದ ಹುಡುಗ ಹತ್ತಿರದಿಂದ ಎರಡು ಗುಂಡು ಹಾರಿಸಿದ. ಇಬ್ಬರೂ ಸತ್ತರು. ಒಂದು ತಿಂಗಳು ಕಳೆಯುವುದರೊಳಗೆ ಯುರೋಪ್ ಯುದ್ಧಕ್ಕಿಳಿಯಿತು. ಅದೇ ಮೊದಲ ಮಹಾಯುದ್ಧ.

ಆ ಯುದ್ಧದ ಬಿಸಿ ನಮ್ಮವರೆಗೂ ಬಂತು. ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಜನ ಸೈನಿಕರಾಗಿ, ಕೂಲಿಗಳಾಗಿ ಕಡಲಾಚೆ ಹೋದರು. ಮೈಸೂರು ಸಂಸ್ಥಾನದ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆಲ್ಲುವ ಕಾಳಗದಲ್ಲಿತ್ತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಈಗಲೂ ಇದೆ.

ಇಷ್ಟು ದೊಡ್ಡ ಘಟನೆಗೆ ನೆಪವಾದ ಪಿಸ್ತೂಲು ಯಾವುದು? ಎಷ್ಟೋ ಪುಸ್ತಕಗಳು ಅದನ್ನು ಬ್ರೌನಿಂಗ್‌ನ 1900ರ ಮಾದರಿ ಎಂದೇ ಬರೆದವು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡರು. ದಶಕಗಳ ಕಾಲ ಅದೇ ಸತ್ಯವಾಗಿ ಉಳಿಯಿತು.

ನಿಜವಾದ ಪಿಸ್ತೂಲು ಪಾದ್ರಿಗಳ ಕೈಯಲ್ಲಿತ್ತು. ಸಾಯುತ್ತಿದ್ದ ಯುವರಾಜ ದಂಪತಿಗೆ ಕೊನೆಯ ಧಾರ್ಮಿಕ ವಿಧಿ ನಡೆಸಿಕೊಟ್ಟ ಆಂಟನ್ ಪುಂಟಿಗಮ್ ಎಂಬ ಜೆಸ್ಯುಯಿಟ್ ಪಾದ್ರಿಗೆ ಯುವರಾಜನ ಹೆಸರಿನಲ್ಲಿ ಒಂದು ವಸ್ತುಸಂಗ್ರಹಾಲಯ ಮಾಡುವ ಆಸೆ ಇತ್ತು. ಪಿಸ್ತೂಲು ಆತನ ಬಳಿ ಸೇರಿತು. 1926ರಲ್ಲಿ ಪಾದ್ರಿ ತೀರಿಕೊಂಡ. ಸಂಗ್ರಹಾಲಯ ಆಗಲಿಲ್ಲ. ಪಿಸ್ತೂಲು ಆಸ್ಟ್ರಿಯಾದ ಜೆಸ್ಯುಯಿಟರ ಬಳಿಯೇ ಉಳಿಯಿತು. 2004ರಲ್ಲಿ, ಘಟನೆ ನಡೆದು 90 ವರ್ಷವಾದಾಗ, ಅವರು ಅದನ್ನು ವಿಯೆನ್ನಾದ ಸೇನಾ ಇತಿಹಾಸ ಸಂಗ್ರಹಾಲಯಕ್ಕೆ ಕೊಟ್ಟರು.

ನೋಡಿದರೆ ಅದು 1900ರ ಮಾದರಿ ಅಲ್ಲ, 1910ರ ಮಾದರಿ. ಕ್ರಮಸಂಖ್ಯೆ 19074. ಅದರ ತೋಟಾ 7.65 ಎಂ.ಎಂ. ಅಲ್ಲ, ಅದಕ್ಕಿಂತ ದಪ್ಪನೆಯ 9 ಎಂ.ಎಂ. ಶಾರ್ಟ್.

1900ರದ್ದಕ್ಕೂ 1910ರದ್ದಕ್ಕೂ ಏನು ವ್ಯತ್ಯಾಸ? ಹಳೆಯದರಲ್ಲಿ ಸ್ಪ್ರಿಂಗು ನಳಿಗೆಯ ಮೇಲ್ಗಡೆ ಬೇರೆಯಾಗಿ ಕೂತಿರುತ್ತಿತ್ತು. ಹೊಸದರಲ್ಲಿ ಅದೇ ಸ್ಪ್ರಿಂಗನ್ನು ನಳಿಗೆಗೇ ಸುತ್ತಿದರು. ಹಾಗಾಗಿ ಪಿಸ್ತೂಲು ತೆಳುವಾಯಿತು, ನುಣುಪಾಯಿತು, ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುವುದು ತಪ್ಪಿತು. ಇವತ್ತು ಅಂಗಡಿಯವರು ಹೊಸ ಮಾದರಿಯ ಬಗ್ಗೆ ಹೇಳುವ ಮಾತೂ ಇದೇ: ಇನ್ನಷ್ಟು ತೆಳು, ಇನ್ನಷ್ಟು ನುಣುಪು.

ಸಂಚುಕೋರರ ಬಳಿ ಇದ್ದದ್ದು ಒಟ್ಟು ನಾಲ್ಕು ಪಿಸ್ತೂಲು, ನಾಲ್ಕೂ 1910ರ ಮಾದರಿ. ಅವು ಒಂದೇ ಅಚ್ಚಿನವು. ಯಾವುದು ಯಾವುದೆಂದು ಬೇರೆ ಮಾಡಿ ಗುರುತಿಸಲು ಇದ್ದದ್ದು ಕಬ್ಬಿಣದ ಮೇಲೆ ಕೊರೆದ ಸಂಖ್ಯೆ ಒಂದೇ.

ನಮ್ಮಲ್ಲೂ ಒಂದು ಸಂಖ್ಯೆ

ಇಂಥದ್ದೇ ಕಥೆ ಭಾರತದಲ್ಲೂ ಇದೆ. ಬ್ರೌನಿಂಗ್‌ನ ವಿನ್ಯಾಸವನ್ನು ಅಮೆರಿಕದಲ್ಲಿ ಕೋಲ್ಟ್ ಕಂಪನಿ ತಯಾರಿಸುತ್ತಿತ್ತು. 1903ರಲ್ಲಿ ಅದು ಒಂದು .32 ಜೇಬು ಪಿಸ್ತೂಲು ತಂದಿತು. ಅದರ ಹೆಸರಿನಲ್ಲೇ "ಕುದುರೆ ಇಲ್ಲದ್ದು" ಎಂದಿದೆ. ನಮ್ಮ ಕಡೆ ಕೋವಿಯ ಹಿಂದೆ ಎತ್ತಿ ಬಿಡುವ ಭಾಗಕ್ಕೆ ಕುದುರೆ ಎನ್ನುತ್ತೇವಲ್ಲ, ಅದು. ನಿಜಕ್ಕೂ ಕುದುರೆ ಇತ್ತು, ಬಟ್ಟೆಗೆ ಸಿಕ್ಕದಿರಲಿ ಎಂದು ಸ್ಲೈಡಿನ ಒಳಗೆ ಅಡಗಿಸಿದ್ದರು ಅಷ್ಟೇ. ಹೆಸರು ನೋಡಿ ವಸ್ತು ತಿಳಿಯಬಾರದು ಎನ್ನುವುದಕ್ಕೆ ಇದೂ ಒಂದು ಉದಾಹರಣೆ.

1931ರ ಫೆಬ್ರವರಿ 27ರಂದು ಅಲಹಾಬಾದಿನ ಆಲ್ಫ್ರೆಡ್ ಪಾರ್ಕಿನಲ್ಲಿ ಪೊಲೀಸರೊಂದಿಗೆ ಹೋರಾಡಿ ಪ್ರಾಣ ಬಿಟ್ಟ ಚಂದ್ರಶೇಖರ ಆಜಾದರ ಕೈಯಲ್ಲಿದ್ದದ್ದು ಈ 1903ರ ಕೋಲ್ಟ್. ಈಗ ಅದು ಅಲಹಾಬಾದ್ ವಸ್ತುಸಂಗ್ರಹಾಲಯದಲ್ಲಿದೆ.

ಭಗತ್ ಸಿಂಗರದ್ದೂ .32 ಕೋಲ್ಟ್ ಪಿಸ್ತೂಲೇ. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯಲ್ಲಿ ಬಳಕೆಯಾದ ಆ ಪಿಸ್ತೂಲು ಎಲ್ಲಿದೆ ಎಂದೇ ಬಹಳ ಕಾಲ ಜನರಿಗೆ ಗೊತ್ತಿರಲಿಲ್ಲ. ಅದು ಇಂದೋರಿನ ಗಡಿ ಭದ್ರತಾ ಪಡೆಯ ಸಂಗ್ರಹಾಲಯದಲ್ಲಿ ಇತರ ಪಿಸ್ತೂಲುಗಳ ನಡುವೆ ಸುಮ್ಮನೆ ಕೂತಿತ್ತು. ತುಕ್ಕು ಹಿಡಿಯದಿರಲಿ ಎಂದು ಬಳಿದ ಕಪ್ಪು ಬಣ್ಣ ಅದರ ಸಂಖ್ಯೆಯನ್ನು ಮುಚ್ಚಿತ್ತು. ಪಂಜಾಬಿನ ಪತ್ರಕರ್ತರೊಬ್ಬರು ಹಳೆಯ ದಾಖಲೆ ಹಿಡಿದು ಬೆನ್ನು ಹತ್ತಿದರು. ಬಣ್ಣ ಕೆರೆದಾಗ 168896 ಎಂಬ ಸಂಖ್ಯೆ ಕಾಣಿಸಿತು. ದಾಖಲೆಯಲ್ಲಿದ್ದದ್ದೂ ಅದೇ. ಈಗ ಆ ಪಿಸ್ತೂಲು ಪಂಜಾಬಿನ ಹುಸೇನಿವಾಲಾದಲ್ಲಿದೆ. ಪತ್ರಿಕೋದ್ಯಮ ಓದಿದ ನಮಗೆ ಈ ಕಥೆ ತುಂಬ ಇಷ್ಟ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುವಾಗ ಸತ್ಯ ಹೇಳುವುದು ದಾಖಲೆ ಮಾತ್ರ.

ಒಂದು ಸಲ ಸೇರಿತು, ಇನ್ನೊಂದು ಸಲ ಹೋಯಿತು

ಹೊಸ ಮಾದರಿ ಎಂದರೆ ಹೆಚ್ಚು ಸುರಕ್ಷಿತ ಎಂದು ನಾವು ತಿಳಿಯುತ್ತೇವೆ. ಯಾವಾಗಲೂ ಹಾಗಲ್ಲ.

ಬ್ರೌನಿಂಗ್ ಇನ್ನೂ ಚಿಕ್ಕದೊಂದು ಪಿಸ್ತೂಲು ಮಾಡಿದ. ಕೋಟಿನ ಒಳಗೆ ತೊಡುವ ತೋಳಿಲ್ಲದ ಅಂಗಿಯ ಜೇಬಿಗೆ ಹೊಂದುವಂಥದ್ದು. ಎಫ್.ಎನ್. ಅದನ್ನು 1906ರ ಹೊತ್ತಿಗೆ ಮಾರುಕಟ್ಟೆಗೆ ತಂದಿತು. ಮೊದಲು ಬಂದವುಗಳಲ್ಲಿ ಹಿಡಿಯ ಹಿಂಭಾಗದಲ್ಲಿ ಒಂದು ಒತ್ತುಪಟ್ಟಿ ಇತ್ತು. ಹಿಡಿಯನ್ನು ಬಿಗಿಯಾಗಿ ಹಿಡಿದರೆ ಮಾತ್ರ ಗುಂಡು ಹಾರುತ್ತಿತ್ತು. ಆದರೆ ಬೆರಳಿನಿಂದ ತಿರುಗಿಸಿ ಬಂದ್ ಮಾಡುವ ಸನ್ನೆ ಇರಲಿಲ್ಲ. ಕೆಲ ವರ್ಷಗಳ ನಂತರ ಅದನ್ನೂ ಸೇರಿಸಿದರು. ಇಲ್ಲಿ ಹೊಸದು ಹಳೆಯದಕ್ಕಿಂತ ನಿಜಕ್ಕೂ ಒಂದು ಹೆಜ್ಜೆ ಮುಂದೆ.

1930ರ ದಶಕದ ಆರಂಭದಲ್ಲಿ ಅದೇ ಕಾರ್ಖಾನೆಯ ಡ್ಯುಡೊನೆ ಸೇವ್ ಎಂಬ ವಿನ್ಯಾಸಕಾರ ಈ ಪುಟ್ಟ ಪಿಸ್ತೂಲನ್ನು ಮತ್ತಷ್ಟು ಕಿರಿದಾಗಿಸಿದ. ಅದಕ್ಕೆ "ಬೇಬಿ" ಎಂದೇ ಹೆಸರು. ಸುಮಾರು ಕಾಲು ಕೆಜಿ ತೂಕ, ಅಂಗೈಯಷ್ಟೇ ಉದ್ದ. ಚಿಕ್ಕದಾಗಿಸುವಾಗ ಹಿಡಿಯ ಹಿಂದಿನ ಒತ್ತುಪಟ್ಟಿಯನ್ನು ಕೈಬಿಟ್ಟರು. ಅಂದರೆ ಹೊಸ ಮಾದರಿಯಲ್ಲಿ ಒಂದು ಭದ್ರತೆ ಕಡಿಮೆಯಾಯಿತು. ಗಿರಾಕಿಗೆ ಬೇಕಾದದ್ದು ಚಿಕ್ಕದು, ಕಂಪನಿ ಚಿಕ್ಕದನ್ನೇ ಕೊಟ್ಟಿತು.

ಕಾನೂನು ಹುಟ್ಟಿಸಿದ ಮಾದರಿ

ಜರ್ಮನಿಯ ವಾಲ್ಟರ್ ಕಂಪನಿ 1929ರಲ್ಲಿ ಪೊಲೀಸರಿಗಾಗಿ "ಪಿಪಿ" ಎಂಬ ಪಿಸ್ತೂಲು ತಂದಿತು. ಅದಾದ ಸ್ವಲ್ಪ ಕಾಲಕ್ಕೇ ಮಫ್ತಿಯಲ್ಲಿ ತಿರುಗುವ ಪತ್ತೇದಾರರಿಗಾಗಿ ಅದನ್ನು ಮೋಟು ಮಾಡಿ "ಪಿಪಿಕೆ" ಎಂದು ಮಾರಿತು. ಪತ್ತೇದಾರಿ ಸಿನಿಮಾ ನೋಡಿದವರಿಗೆ ಜೇಮ್ಸ್ ಬಾಂಡ್ ಕೈಯಲ್ಲಿ ಕಾಣುವುದು ಇದೇ.

1963ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಹತ್ಯೆಯಾಯಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದರು. ಅದೇ ವರ್ಷ ಅಲ್ಲಿನ ಸಂಸತ್ತು ಬಂದೂಕು ನಿಯಂತ್ರಣ ಕಾನೂನು ಮಾಡಿತು. ಹೊರದೇಶದಿಂದ ಬರುವ ಚಿಕ್ಕ, ಅಗ್ಗದ ಪಿಸ್ತೂಲುಗಳನ್ನು ತಡೆಯುವುದು ಅದರ ಒಂದು ಉದ್ದೇಶ. ಉದ್ದ, ಎತ್ತರ, ತೂಕ, ಭದ್ರತಾ ಭಾಗ, ಹೀಗೆ ಒಂದೊಂದಕ್ಕೂ ಅಂಕ. ಒಟ್ಟು ಅಂಕ ಬಂದರೆ ಪಾಸು, ಇಲ್ಲವಾದರೆ ಬಂದರಿನಲ್ಲೇ ತಡೆ. ಬೇಬಿ ಫೇಲಾಯಿತು. ಪಿಪಿಕೆ ಕೂಡ ಕೂದಲೆಳೆಯಲ್ಲಿ ಫೇಲಾಯಿತು.

ವಾಲ್ಟರ್ ಏನು ಮಾಡಿತು? ದೊಡ್ಡ ಪಿಪಿಯ ಕೆಳಭಾಗಕ್ಕೆ ಚಿಕ್ಕ ಪಿಪಿಕೆಯ ಮೇಲ್ಭಾಗ ಕೂರಿಸಿತು. ಹಿಡಿ ಸ್ವಲ್ಪ ಉದ್ದವಾಯಿತು, ತೂಕ ಸುಮಾರು 50 ಗ್ರಾಂ ಹೆಚ್ಚಿತು, ಅಂಕ ಸಿಕ್ಕಿತು. ಅದಕ್ಕೆ "ಪಿಪಿಕೆ/ಎಸ್" ಎಂದು ಹೆಸರಿಟ್ಟರು. ಬಳಸುವವರ ಸುರಕ್ಷತೆಗೂ ಈ ಹೊಸ ಮಾದರಿಗೂ ಸಂಬಂಧವೇ ಇಲ್ಲ. ತಮಾಷೆ ಎಂದರೆ ನಿಯಮ ಇದ್ದದ್ದು ಹೊರಗಿನಿಂದ ತರುವುದಕ್ಕೆ ಮಾತ್ರ. ಮುಂದೆ 1980ರ ದಶಕದಲ್ಲಿ ಅದೇ ಹಳೆಯ ಪಿಪಿಕೆಯನ್ನು ಅಮೆರಿಕದೊಳಗೇ ತಯಾರಿಸಿ ಮಾರಿದರು.

ಗ್ಲಾಕ್ 26 ಮತ್ತು ತಲೆಮಾರುಗಳು

ಈಗ ಇವತ್ತಿನ ಅಂಗಡಿಗೆ ಬರೋಣ. ಆಸ್ಟ್ರಿಯಾದ ಗಾಸ್ಟನ್ ಗ್ಲಾಕ್ 1980ರ ದಶಕದ ಆರಂಭದಲ್ಲಿ ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲು ಮಾಡಿ ತನ್ನ ದೇಶದ ಸೈನ್ಯಕ್ಕೆ ಕೊಟ್ಟ. ಅದು ದೊಡ್ಡದು, ಹೆಸರು ಗ್ಲಾಕ್ 17. ಅದರ ಕಿರಿಯ ತಮ್ಮ ಗ್ಲಾಕ್ 26 ಬಂದದ್ದು 1990ರ ದಶಕದ ನಡುವೆ.

ಆ ಕಾಲವನ್ನು ಗಮನಿಸಿ. 1994ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಹೊಸ ಮ್ಯಾಗಜಿನ್‌ಗಳಿಗೆ 10 ತೋಟಾಗಳ ಮಿತಿ ಹಾಕಿತು. 10ಕ್ಕಿಂತ ಹೆಚ್ಚು ತುಂಬುವಂತಿಲ್ಲ ಎಂದ ಮೇಲೆ ದೊಡ್ಡ ಪಿಸ್ತೂಲು ಹೊತ್ತು ತಿರುಗುವುದು ಯಾಕೆ ಎಂದು ಕೊಳ್ಳುವವರು ಕೇಳಿದರು. ಇನ್ನೊಂದು ಕಡೆ, 1987ರಲ್ಲಿ ಫ್ಲೋರಿಡಾ ರಾಜ್ಯ ಬಚ್ಚಿಟ್ಟು ಒಯ್ಯುವ ಪರವಾನಗಿಯನ್ನು ಸಲೀಸು ಮಾಡಿದ ಮೇಲೆ ಒಂದೊಂದೇ ರಾಜ್ಯ ಅದೇ ದಾರಿ ಹಿಡಿದಿತ್ತು. 10 ತೋಟಾ ಹಿಡಿಯುವ ಗ್ಲಾಕ್ 26ಕ್ಕೆ ಆ ಎರಡು ಕಾನೂನುಗಳೇ ಮಾರುಕಟ್ಟೆ ಮಾಡಿಕೊಟ್ಟವು. 10ರ ಮಿತಿ 2004ರಲ್ಲಿ ಮುಗಿಯಿತು. ಪಿಸ್ತೂಲು ಮಾತ್ರ ಉಳಿಯಿತು.

2010ರಲ್ಲಿ ನಾಲ್ಕನೇ ತಲೆಮಾರು ಶುರುವಾಯಿತು. ಅದರಲ್ಲಿ ಕೈ ಅಳತೆಗೆ ತಕ್ಕಂತೆ ಹಿಡಿಯ ಹಿಂಭಾಗವನ್ನು ಬದಲಿಸಬಹುದು. 2017ರಲ್ಲಿ ಐದನೇ ತಲೆಮಾರು ಬಂತು. ಬೆರಳು ಕೂರಲು ಮಾಡಿದ್ದ ಏಣುಗಳನ್ನು ತೆಗೆದರು, ಎಡಗೈಯವರಿಗೂ ಅನುಕೂಲ ಆಗುವಂತೆ ಸನ್ನೆಯನ್ನು ಎರಡೂ ಬದಿಗೆ ಇಟ್ಟರು, ನಳಿಗೆ ಸುಧಾರಿಸಿದರು. ಮೊದಲು ದೊಡ್ಡ ಮಾದರಿಗಳಿಗೆ, ಆಮೇಲೆ 26ಕ್ಕೂ ಇವು ಬಂದವು.

ಹಾಗಾದರೆ ಮೂರನೇ ತಲೆಮಾರಿನದನ್ನು ಇನ್ನೂ ಯಾಕೆ ಕೊಳ್ಳುತ್ತಾರೆ? ಬೆಲೆ ಒಂದು ಕಾರಣ. ಬಿಡಿಭಾಗ ಇನ್ನೊಂದು. ಹಳೆಯ ಪೇಟೆಂಟ್‌ಗಳ ಅವಧಿ ಮುಗಿದಿರುವುದರಿಂದ ಅದರ ಬಿಡಿಭಾಗಗಳನ್ನು ಹತ್ತಾರು ಕಂಪನಿಗಳು ಮಾಡುತ್ತವೆ. ನಮ್ಮಲ್ಲಿ ಹಳೆಯ ಟ್ರ್ಯಾಕ್ಟರ್ ಹಿಡಿದು ಕೂತವರು ಹೇಳುವುದೂ ಅದನ್ನೇ: ಯಾವ ಸಂತೆಗೆ ಹೋದರೂ ಸಾಮಾನು ಸಿಗುತ್ತದೆ.

ಹಳೆಯದೇ ಗತಿ ಎಂದ ರಾಜ್ಯ

ಮೂರನೇ ಕಾರಣ ವಿಚಿತ್ರ. ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲಿ ಒಂದು ಕಾನೂನು ಮಾಡಿತು. ಕೆಳಗೆ ಬಿದ್ದರೂ ಸಿಡಿಯಬಾರದು ಎಂಬಂಥ ಪರೀಕ್ಷೆಗಳಲ್ಲಿ ಪಾಸಾದ ಪಿಸ್ತೂಲುಗಳದ್ದೇ ಒಂದು ಪಟ್ಟಿ. ಪಟ್ಟಿಯಲ್ಲಿ ಇಲ್ಲದ್ದನ್ನು ಅಂಗಡಿಯವರು ಸಾಮಾನ್ಯ ಗಿರಾಕಿಗೆ ಮಾರುವಂತಿಲ್ಲ. ಉದ್ದೇಶ ಒಳ್ಳೆಯದೇ.

ಆಮೇಲೆ ಷರತ್ತುಗಳು ಬೆಳೆದವು. ನಳಿಗೆಯಲ್ಲಿ ತೋಟಾ ಇದೆ ಎಂದು ಹೊರಗೆ ತೋರಿಸುವ ಗುರುತು ಬೇಕು. ಮ್ಯಾಗಜಿನ್ ತೆಗೆದರೆ ಗುಂಡು ಹಾರಬಾರದು. 2013ರಿಂದ ಇನ್ನೊಂದು: ಹಾರಿದ ಪ್ರತಿ ತೋಟಾದ ಮೇಲೆ ಆ ಪಿಸ್ತೂಲಿನ ಗುರುತು ತಾನಾಗಿ ಅಚ್ಚಾಗಬೇಕು. ಪೊಲೀಸರ ತನಿಖೆಗೆ ಅನುಕೂಲ ಎಂಬುದು ಲೆಕ್ಕಾಚಾರ. ಆದರೆ ಅಂಥ ಪಿಸ್ತೂಲನ್ನು ಯಾವ ಕಂಪನಿಯೂ ಮಾಡಲಿಲ್ಲ. ಹೊಸ ಮಾದರಿಗಳು ಪಟ್ಟಿಗೆ ಸೇರುವುದೇ ನಿಂತಿತು. ಮೊದಲೇ ಸೇರಿದ್ದ ಹಳೆಯವು ಮಾತ್ರ ಮಾರಾಟವಾಗುತ್ತಿದ್ದವು.

ಪರಿಣಾಮ ಏನೆಂದರೆ, ಸುರಕ್ಷತೆಗೆಂದು ಮಾಡಿದ ಕಾನೂನಿನಿಂದ ಅಲ್ಲಿನ ಜನರಿಗೆ ವರ್ಷಗಟ್ಟಲೆ ಸಿಕ್ಕದ್ದು ಗ್ಲಾಕ್‌ನ ಮೂರನೇ ತಲೆಮಾರು ಮಾತ್ರ. ಪೊಲೀಸರಿಗೆ ವಿನಾಯಿತಿ ಇದ್ದುದರಿಂದ ಅವರು ಐದನೆಯದನ್ನು ಕೊಳ್ಳಬಹುದಿತ್ತು. 2023ರಲ್ಲಿ ಒಂದು ಫೆಡರಲ್ ನ್ಯಾಯಾಲಯ ಈ ಷರತ್ತುಗಳಿಗೆ ತಡೆ ಕೊಟ್ಟಿತು. ಅಚ್ಚಿನ ಷರತ್ತನ್ನು ಉಳಿಸಿಕೊಳ್ಳಲು ರಾಜ್ಯವೂ ಪಟ್ಟು ಹಿಡಿಯಲಿಲ್ಲ. ಆಮೇಲೆ ಹೊಸ ಮಾದರಿಗಳು ಪಟ್ಟಿಗೆ ಬರತೊಡಗಿದವು.

ಕೆಳಗೆ ಬಿದ್ದರೆ ಏನಾಗುತ್ತದೆ?

ಹಳೆಯದು ಹೊಸದು ಎಂಬ ಲೆಕ್ಕದಲ್ಲಿ ನಿಜವಾಗಿ ಪ್ರಾಣಕ್ಕೆ ಸಂಬಂಧಿಸಿದ್ದು ಈ ಪ್ರಶ್ನೆ.

ಪಿಸ್ತೂಲಿನ ಒಳಗೆ ಒಂದು ಪಿನ್ನು ಇರುತ್ತದೆ. ಅದು ತೋಟಾದ ತಳಕ್ಕೆ ಬಡಿದಾಗ ಮದ್ದು ಹೊತ್ತಿಕೊಳ್ಳುತ್ತದೆ. ನೂರು ವರ್ಷದ ಹಿಂದಿನ 1910ರ ಮಾದರಿಯಲ್ಲಿ ಆ ಪಿನ್ನು ಪೂರ್ತಿ ಎಳೆದ ಸ್ಪ್ರಿಂಗಿನ ಮುಂದೆ, ಒಂದು ಸಣ್ಣ ಕೊಕ್ಕೆಯ ಆಧಾರದಲ್ಲಿ ನಿಂತಿರುತ್ತಿತ್ತು. ಹೊರಗಿನ ಭದ್ರತಾ ಸನ್ನೆಗಳು ಇದ್ದವು, ಆದರೆ ಪಿನ್ನಿನ ದಾರಿಗೇ ಅಡ್ಡ ನಿಲ್ಲುವ ತಡೆ ಇರಲಿಲ್ಲ. ಸವೆದ ಹಳೆಯ ಪಿಸ್ತೂಲಿನಲ್ಲಿ ಆ ಕೊಕ್ಕೆ ಜಾರಿದರೆ ಕಥೆ ಮುಗಿಯಿತು.

ಗ್ಲಾಕ್‌ನಂಥ ಪಿಸ್ತೂಲುಗಳಲ್ಲಿ ಒಂದು ಚಿಕ್ಕ ಗುಬುಟು ಪಿನ್ನಿಗೆ ಅಡ್ಡ ನಿಂತಿರುತ್ತದೆ. ಟ್ರಿಗರನ್ನು ಪೂರ್ತಿ ಎಳೆದಾಗಲೇ ಅದು ದಾರಿ ಬಿಡುತ್ತದೆ. ಕೈ ಜಾರಿ ಬಿದ್ದರೂ ಪಿನ್ನು ಮುಂದೆ ಹೋಗುವಂತಿಲ್ಲ.

ಹೊಸದಾದ ಮಾತ್ರಕ್ಕೆ ಭಯ ಇಲ್ಲ ಎಂದೂ ಅಲ್ಲ. ಅಮೆರಿಕದ ರೂಗರ್ ಕಂಪನಿ 2008ರಲ್ಲಿ ಎಲ್‌ಸಿಪಿ ಎಂಬ ಅತಿ ಚಿಕ್ಕ ಪಿಸ್ತೂಲು ತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ತೋಟಾ ತುಂಬಿದ ಪಿಸ್ತೂಲು ಕೆಳಗೆ ಬಿದ್ದರೆ ಸಿಡಿಯಬಹುದು ಎಂದು ಕಂಪನಿಯೇ ಪ್ರಕಟಿಸಿ, ಮಾರಿದ್ದನ್ನು ವಾಪಸು ಕರೆಸಿ ಪುಕ್ಕಟೆ ರಿಪೇರಿ ಮಾಡಿಕೊಟ್ಟಿತು. ಯಾವುದನ್ನು ಕಳಿಸಬೇಕು ಎಂದು ಹೇಗೆ ಗೊತ್ತಾಗುತ್ತದೆ? ಸಂಖ್ಯೆಯಿಂದ. 370ರಿಂದ ಶುರುವಾಗುವವು ವಾಪಸು. ಸರಿಪಡಿಸಿ ಹೊಸದಾಗಿ ಮಾಡಿದವು 371ರಿಂದ.

ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ಶೀಲ್ಡ್ ಎಂಬ ತೆಳು ಪಿಸ್ತೂಲು 2012ರಲ್ಲಿ ಬಂತು. 2013ರ ಆಗಸ್ಟ್‌ನಲ್ಲಿ ಕಂಪನಿ ಒಂದು ಎಚ್ಚರಿಕೆ ಹೊರಡಿಸಿತು: ಆ ತಿಂಗಳ 19ಕ್ಕಿಂತ ಮೊದಲು ತಯಾರಾದವುಗಳ ಟ್ರಿಗರ್ ಭದ್ರತೆ ಸರಿಯಾಗಿದೆಯೇ ಎಂದು ಪರೀಕ್ಷಿಸಿಕೊಳ್ಳಿ. 2017ರಲ್ಲಿ ಶೀಲ್ಡ್ 2.0 ಬಂತು. ಹಿಡಿ ಒರಟಾಯಿತು, ಟ್ರಿಗರ್ ಸುಧಾರಿಸಿತು. 2018ರಲ್ಲಿ ಸಿಗ್ ಕಂಪನಿ ಅಷ್ಟೇ ಚಿಕ್ಕ ಪಿ365ರಲ್ಲಿ 10 ತೋಟಾ ಕೂರಿಸಿತು. ಮಿಕ್ಕವರೂ ಹಿಂದೆ ಬಿದ್ದರು. 2021ರಲ್ಲಿ ಶೀಲ್ಡ್ ಪ್ಲಸ್ ಬಂತು. ಇದು ಪೈಪೋಟಿ, ವ್ಯಾಪಾರ.

ಶೀಲ್ಡ್‌ನ ಸಾಲಿನಲ್ಲಿ ಯಾವ ಬದಲಾವಣೆ ಪ್ರಾಣಕ್ಕೆ ಸಂಬಂಧಿಸಿದ್ದು? ಹೆಸರು ಬದಲಾಗದೆ, ಜಾಹೀರಾತು ಇಲ್ಲದೆ, 2013ರ ಆಗಸ್ಟ್‌ನಲ್ಲಿ ಆದದ್ದು. ಅದಕ್ಕೇ ತಿಳಿದವರು ಹಳೆಯ ಪಿಸ್ತೂಲು ಕೊಳ್ಳುವಾಗ ಮೊದಲು ತಯಾರಾದ ತಾರೀಕು ಕೇಳುತ್ತಾರೆ, ಸಂಖ್ಯೆ ನೋಡುತ್ತಾರೆ, ಆಮೇಲೆ ಮಾದರಿಯ ಹೆಸರಿಗೆ ಬರುತ್ತಾರೆ.

ನಮ್ಮ ದೇಶದಲ್ಲಿ

ಭಾರತದಲ್ಲಿ ಈ ಆಯ್ಕೆಗಳಿಗೆಲ್ಲ ಎಡೆಯೇ ಇಲ್ಲ. 1959ರ ಆಯುಧ ಕಾನೂನಿನ ಪ್ರಕಾರ ಲೈಸೆನ್ಸ್ ಬೇಕು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ದೊಡ್ಡ ನಗರಗಳಲ್ಲಿ ಪೊಲೀಸ್ ಕಮಿಷನರ್ ಕೊಡುತ್ತಾರೆ. ಸೈನ್ಯ ಮತ್ತು ಪೊಲೀಸರು ಬಳಸುವ 9 ಎಂ.ಎಂ. ಜನಸಾಮಾನ್ಯರಿಗೆ ನಿಷಿದ್ಧ. ಹಾಗಾಗಿ ಲೈಸೆನ್ಸ್ ಇದ್ದವರಿಗೆ ಪಿಸ್ತೂಲಿನಲ್ಲಿ ಸಾಮಾನ್ಯವಾಗಿ ಸಿಗುವುದು .32. ನಮ್ಮ ಸರ್ಕಾರಿ ಕಾರ್ಖಾನೆಯ ಅಶನಿ ಪಿಸ್ತೂಲಿನ ತೋಟಾ ಕೂಡ ಬ್ರೌನಿಂಗ್ 1899ರ ಹೊತ್ತಿಗೆ ರೂಪಿಸಿದ ಅದೇ 7.65 ಎಂ.ಎಂ.

ಹಳೆಯದನ್ನೇ ಹಗುರ ಮಾಡಿ ಹೊಸದೆಂದು ತಂದ ಉದಾಹರಣೆ ನಮ್ಮಲ್ಲೂ ಇದೆ. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ "ನಿರ್ಭೀಕ್" ಎಂಬ .32 ರಿವಾಲ್ವರ್ ಬಿಡುಗಡೆ ಮಾಡಿತು. ತೂಕ 500 ಗ್ರಾಂ, ಬೆಲೆ ಸುಮಾರು 1.22 ಲಕ್ಷ ರೂಪಾಯಿ. ದೆಹಲಿಯ ನಿರ್ಭಯಾ ಪ್ರಕರಣದ ನೆನಪಿನ ಹೆಸರು, ಮಹಿಳೆಯರಿಗೆಂದೇ ಪ್ರಚಾರ. ಬಂದೂಕು ನಿಯಂತ್ರಣಕ್ಕಾಗಿ ಕೆಲಸ ಮಾಡುವವರು ಇದು ಆ ಹೆಣ್ಣುಮಗಳಿಗೆ ಮಾಡಿದ ಅವಮಾನ ಎಂದು ಟೀಕಿಸಿದರು. ಲಕ್ಷ ರೂಪಾಯಿ ಕೊಟ್ಟು ರಿವಾಲ್ವರ್ ಕೊಳ್ಳಬಲ್ಲ ಹೆಂಗಸರು ನಮ್ಮ ಊರುಗಳಲ್ಲಿ ಎಷ್ಟು ಜನ, ಬಸ್ಸು ತಪ್ಪಿ ಕತ್ತಲಲ್ಲಿ ನಡೆದು ಬರುವವರು ಎಷ್ಟು ಜನ ಎಂದು ನೀವೇ ಲೆಕ್ಕ ಹಾಕಿ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಮಲೆನಾಡಿನಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡವರಿದ್ದಾರೆ. ಕೇಪಿನ ಕೋವಿ ಹೋಗಿ ತೋಟಾ ಕೋವಿ ಬಂದ ಕಾಲವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಅವೆಲ್ಲ ಉದ್ದ ನಳಿಗೆಯವು, ಎಲ್ಲರಿಗೂ ಕಾಣುವಂಥವು, ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂರುವಂಥವು.

ಬಚ್ಚಿಡುವ ಪಿಸ್ತೂಲಿನ ಮಾತು ನಮ್ಮ ಕಡೆ ಬರುವುದು ಬೇರೆ ರೀತಿಯಲ್ಲಿ. ಭೀಮಾ ತೀರದ ಸುದ್ದಿಗಳಲ್ಲಿ "ಕಂಟ್ರಿ ಪಿಸ್ತೂಲು" ಎಂಬ ಪದ ಓದದವರು ಯಾರಿದ್ದಾರೆ? ಅದಕ್ಕೆ ಹಳೆಯ ಮಾದರಿ, ಹೊಸ ಮಾದರಿ ಎಂಬುದೇ ಇಲ್ಲ. ಸಂಖ್ಯೆ ಇಲ್ಲ. ಪಿನ್ನಿಗೆ ಅಡ್ಡ ನಿಲ್ಲುವ ತಡೆ ಇದೆಯೋ ಇಲ್ಲವೋ ಹೇಳುವವರಿಲ್ಲ. ದೋಷ ಇದ್ದರೆ ವಾಪಸು ಕರೆಯುವ ಕಂಪನಿ ಇಲ್ಲ. ಎದುರಿಗಿದ್ದವನಿಗೂ ಅಪಾಯ, ಹಿಡಿದವನ ಕೈಗೂ ಅಪಾಯ. 2019ರ ತಿದ್ದುಪಡಿಯಾದ ಮೇಲೆ ಅಂಥದ್ದನ್ನು ಲೈಸೆನ್ಸ್ ಇಲ್ಲದೆ ತಯಾರಿಸಿದರೆ, ಮಾರಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಗತ್ತಿಗೆ ಜೇಬಿನಲ್ಲಿ ಇಟ್ಟುಕೊಂಡು ಫೋಟೊ ಹಾಕುವ ಹುಡುಗರಿಗೆ ಇದನ್ನು ಮನೆಯವರೇ ಹೇಳಬೇಕು.

ಯಾವ ಮಾದರಿಯಲ್ಲೂ ಇಲ್ಲದ್ದು

ಅಮೆರಿಕದಲ್ಲಿ ಜನರ ಕೈಯಲ್ಲಿ ಸುಮಾರು 39 ಕೋಟಿ ಬಂದೂಕುಗಳಿವೆ ಎಂದು 2017ರ ಅಂದಾಜು. ಅಲ್ಲಿನ ಜನಸಂಖ್ಯೆಗಿಂತ ಹೆಚ್ಚು. 2021ರಲ್ಲಿ ಅಲ್ಲಿ ಗುಂಡೇಟಿಗೆ ಸತ್ತವರು 48,830. ಅವರಲ್ಲಿ 26,328 ಜನ ಸತ್ತದ್ದು ಆತ್ಮಹತ್ಯೆಯಿಂದ. ಅರ್ಧಕ್ಕಿಂತ ಹೆಚ್ಚು.

ಈ ಅಂಕಿಯ ಮುಂದೆ ಮೂರನೇ ತಲೆಮಾರೋ ಐದನೆಯದೋ ಎಂಬ ಚರ್ಚೆ ಬಹಳ ಸಣ್ಣದಾಗಿ ಕಾಣುತ್ತದೆ. 1900ರಿಂದ ಇಂದಿನವರೆಗೆ ಈ ಪಿಸ್ತೂಲು ತೆಳುವಾಯಿತು, ಹಗುರವಾಯಿತು, ಹೆಚ್ಚು ತೋಟಾ ಹಿಡಿಯಿತು, ಬಿದ್ದರೂ ಸಿಡಿಯದಂತಾಯಿತು. ಬೇಕೆಂದೇ ಎಳೆದ ಟ್ರಿಗರನ್ನು ತಡೆಯುವ ಮಾದರಿ ಮಾತ್ರ ಯಾವ ಅಂಗಡಿಗೂ ಬಂದಿಲ್ಲ. ಸಾಲ, ಜಗಳ, ಬೇಸರ ತುಂಬಿದ ರಾತ್ರಿಯಲ್ಲಿ ಮನೆಯ ಬೀರುವಿನೊಳಗೆ ಅದು ಇದೆ ಎನ್ನುವುದೇ ದೊಡ್ಡ ಅಪಾಯ. ನಮ್ಮ ಊರುಗಳಲ್ಲಿ ಅದೇ ಜಾಗದಲ್ಲಿ ಕ್ರಿಮಿನಾಶಕದ ಡಬ್ಬಿ ಇರುತ್ತದೆ.

ಲೈಸೆನ್ಸ್ ಇರುವ ಕೋವಿ ನಿಮ್ಮ ಮನೆಯಲ್ಲಿದ್ದರೆ ಎರಡು ಕೆಲಸ ಮಾಡಿ. ಅದರ ಸಂಖ್ಯೆ ಲೈಸೆನ್ಸ್ ಪುಸ್ತಕದಲ್ಲಿ ಸರಿಯಾಗಿ ಬರೆದಿದೆಯೇ ನೋಡಿ. ಕೋವಿಯನ್ನು ಒಂದು ಕಡೆ, ತೋಟಾವನ್ನು ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬೀಗ ಹಾಕಿ ಇಡಿ. ಕೋವಿ ಅಜ್ಜನ ಕಾಲದ್ದಾಗಿದ್ದರೂ ಸರಿ, ಮೊನ್ನೆ ತಂದದ್ದಾಗಿದ್ದರೂ ಸರಿ, ಈ ಎರಡು ಬೀಗಕ್ಕೆ ಬದಲಿ ಇಲ್ಲ.